ಬಿಲ್ಲಿನ ಕಿಟಕಿಯ ಈಚೆಯಿಂದ

ನಾನು ವೈದ್ಯನಲ್ಲ, ಅರ್ಥಶಾಸ್ತ್ರಜ್ಞನೂ ಅಲ್ಲ. ಮಧ್ಯಮ ಗಾತ್ರದ ಆಸ್ಪತ್ರೆಯೊಂದರ ಬಿಲ್ಲಿಂಗ್ ವಿಭಾಗದಲ್ಲಿ 14 ವರ್ಷ ಲೆಕ್ಕ ಬರೆದವನು. ಅದರ ಮೊದಲರ್ಧದಲ್ಲಿ ಬಹುತೇಕ ರೋಗಿಗಳು ತಮ್ಮ ಕೈಯಿಂದಲೇ ಹಣ ಕಟ್ಟುತ್ತಿದ್ದರು, ಉಳಿದರ್ಧದಲ್ಲಿ ಬಹುತೇಕರ ಪರವಾಗಿ ವಿಮೆ ಕಟ್ಟುತ್ತಿತ್ತು. ಅದೇ ಕಿಟಕಿ, ಅವರೇ ವೈದ್ಯರು, ಹೆಚ್ಚುಕಡಿಮೆ ಅವೇ ಕಾಯಿಲೆಗಳು. ಹಣ ಕೊಡುವವರು ಮಾತ್ರ ಬೇರೆ. ಎಲ್ಲರಿಗೂ ಆರೋಗ್ಯ ವಿಮೆ ಬಂದರೆ ವೈದ್ಯರ ಗತಿ ಏನು, ಜನಕ್ಕೆ ಲಾಭವೇ ನಷ್ಟವೇ ಎಂಬ ಚರ್ಚೆ ಕಿವಿಗೆ ಬಿದ್ದಾಗಲೆಲ್ಲ ನನಗೆ ಆ ಕಿಟಕಿ ಕಣ್ಣ ಮುಂದೆ ಬರುತ್ತದೆ. ಕೆಲಸ ಬಿಟ್ಟ ಮೇಲೆ ಬಿಡುವಿನಲ್ಲಿ ಬೇರೆ ಬೇರೆ ದೇಶಗಳ ಅನುಭವವನ್ನು ಒಂದಿಷ್ಟು ಓದಿದೆ. ಓದಿದ್ದು ಮತ್ತು ಕಂಡದ್ದು ಸೇರಿ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಜನರ ಬದುಕನ್ನು ಬದಲಿಸುವುದು ವಿಮೆ ಇದೆಯೋ ಇಲ್ಲವೋ ಎಂಬ ಸಂಗತಿ. ವೈದ್ಯರ ಬದುಕನ್ನು ಬದಲಿಸುವುದು ಆ ವಿಮೆ ಯಾವ ಅಳತೆಗೋಲು ಹಿಡಿದು ಹಣ ಕೊಡುತ್ತದೆ ಎಂಬ ಸಂಗತಿ. ಇವೆರಡನ್ನೂ ಒಂದೇ ಉಸಿರಿನಲ್ಲಿ ಚರ್ಚಿಸುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಮೊದಲು ಜನರ ಮಾತು. ಒಂದು ಸಂಜೆ ಕಿಟಕಿಗೆ ಒಬ್ಬಾತ ಬಂದ. ಒಳಗೆ ಮಗಳು ಅಡ್ಮಿಟ್ ಆಗಿದ್ದಳು. ಕೈಯಲ್ಲಿ ಡ್ಯೂಟಿ ಡಾಕ್ಟರ್ ಬರೆದುಕೊಟ್ಟ ಚೀಟಿ, ಅದರಲ್ಲಿ ಆರು ಪರೀಕ್ಷೆಗಳು. ಆತ ಜೇಬಿನಿಂದ ನೋಟುಗಳನ್ನು ತೆಗೆದು, ಎಣಿಸಿ, ಮತ್ತೊಮ್ಮೆ ಎಣಿಸಿ, ಚೀಟಿಯನ್ನು ನನ್ನತ್ತ ತಿರುಗಿಸಿ, "ಇದರಲ್ಲಿ ಯಾವ ಎರಡು ಬಿಟ್ಟರೆ ನಡೆಯುತ್ತದೆ, ನೀವೇ ಹೇಳಿ ಸಾರ್" ಎಂದ. ಕೂಡುವ ಕಳೆಯುವ ಲೆಕ್ಕ ಬಿಟ್ಟರೆ ಬೇರೇನೂ ಗೊತ್ತಿಲ್ಲದ ನನ್ನನ್ನು ಆತ ಕೇಳಿದ್ದು ವೈದ್ಯಕೀಯ ಪ್ರಶ್ನೆ. ನಾನು ಒಳಗೆ ಹೋಗಿ ಡಾಕ್ಟರನ್ನು ಕೇಳಿದೆ. ಅವರು ನಿಟ್ಟುಸಿರು ಬಿಟ್ಟು ಎರಡರ ಮೇಲೆ ಗೀಟು ಎಳೆದರು. ಆ ಎರಡು ಅನಾವಶ್ಯಕವಾಗಿದ್ದವೇ ಅಥವಾ ಅನಿವಾರ್ಯವಾಗಿ ಬಿಟ್ಟದ್ದೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮಗು ಚೇತರಿಸಿಕೊಂಡು ಮನೆಗೆ ಹೋಯಿತು ಎಂಬುದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರ ಮನಸ್ಸು ಅಲ್ಲೇ ನಿಲ್ಲುತ್ತದೆ.

ಔಷಧೋಪಚಾರದ ಮಾರುಕಟ್ಟೆ ಉಳಿದ ಮಾರುಕಟ್ಟೆಗಳಂತೆ ಏಕೆ ನಡೆಯುವುದಿಲ್ಲ ಎಂಬುದನ್ನು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲಿ ಬರೆದ ಪ್ರಬಂಧವೊಂದರಲ್ಲಿ ವಿವರಿಸಿದರು. ಕಾಯಿಲೆ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಬಂದ ಮೇಲೆ ಯಾವ ಚಿಕಿತ್ಸೆ ಬೇಕೆಂದು ರೋಗಿಗೆ ಗೊತ್ತಿರುವುದಿಲ್ಲ, ಗೊತ್ತಿರುವ ವೈದ್ಯನೇ ಅದನ್ನು ಮಾರುವವನೂ ಆಗಿರುತ್ತಾನೆ. ಅಂಗಡಿಗೆ ಹೋಗಿ ಬಟ್ಟೆ ಕೊಳ್ಳುವವನಂತೆ ರೋಗಿ ಚೌಕಾಸಿ ಮಾಡಲಾರ. ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ವಿಮೆಯನ್ನು ಐಚ್ಛಿಕವಾಗಿ ಬಿಟ್ಟರೆ ಕಾಯಿಲೆಯ ಭಯವಿರುವವರೇ ಮೊದಲು ಕೊಳ್ಳುತ್ತಾರೆ, ಕಂತು ಏರುತ್ತದೆ, ಏರಿದ ಕಂತು ನೋಡಿ ಆರೋಗ್ಯವಂತರು ಹೊರಗುಳಿಯುತ್ತಾರೆ, ಮತ್ತೆ ಕಂತು ಏರುತ್ತದೆ. ಎಲ್ಲರನ್ನೂ ಸೇರಿಸಿಕೊಳ್ಳುವ, ಸೇರುವುದನ್ನು ಕಡ್ಡಾಯ ಮಾಡುವ ವ್ಯವಸ್ಥೆ ಹುಟ್ಟಿದ್ದಕ್ಕೆ ದಯೆಯೊಂದೇ ಕಾರಣವಲ್ಲ, ಈ ಲೆಕ್ಕಾಚಾರವೂ ಕಾರಣ. 1883ರಲ್ಲಿ ಜರ್ಮನಿಯಲ್ಲಿ ಕಾರ್ಮಿಕರಿಗೆ ಕಡ್ಡಾಯ ಕಾಯಿಲೆ ವಿಮೆ ತಂದ ಬಿಸ್ಮಾರ್ಕ್ ದಯೆಗೆ ಹೆಸರಾದವನಂತೂ ಅಲ್ಲ. ಸಮಾಜವಾದಿಗಳ ಕೈಗೆ ಕಾರ್ಮಿಕರು ಜಾರದಿರಲಿ ಎಂಬುದು ಅವನ ಚಿಂತೆಯಾಗಿತ್ತು.

ವಿಮೆಯಿಂದ ಜನರಿಗೆ ಆಗುವುದೇನು ಎಂಬ ಪ್ರಶ್ನೆಗೆ ಅತ್ಯಂತ ಸ್ವಚ್ಛವಾದ ಉತ್ತರ ಸಿಕ್ಕಿದ್ದು ಒಂದು ಲಾಟರಿಯಿಂದ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 2008ರಲ್ಲಿ ಬಡವರಿಗಾಗಿರುವ ಸರ್ಕಾರಿ ವಿಮೆಯಲ್ಲಿ ಸುಮಾರು 10,000 ಜನರಿಗೆ ಜಾಗವಿತ್ತು, ಹೆಸರು ಬರೆಸಿದವರು ಸುಮಾರು 90,000 ಮಂದಿ. ಸರ್ಕಾರ ಚೀಟಿ ಎತ್ತಿತು. ಚೀಟಿ ಬಂದವರನ್ನೂ ಬಾರದವರನ್ನೂ ಹೋಲಿಸಲು ಸಂಶೋಧಕರಿಗೆ ಅದೊಂದು ತಾನಾಗಿ ಒದಗಿದ ಪ್ರಯೋಗವಾಯಿತು. ಸುಮಾರು ಎರಡು ವರ್ಷದ ನಂತರ ನೋಡಿದರೆ ರಕ್ತದೊತ್ತಡ, ಕೊಲೆಸ್ಟರಾಲ್, ಸಕ್ಕರೆಯ ಅಳತೆಗಳಲ್ಲಿ ಎದ್ದು ಕಾಣುವ ವ್ಯತ್ಯಾಸವಿರಲಿಲ್ಲ. ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗುವುದು ತಗ್ಗುತ್ತದೆಂದು ಅನೇಕರು ನಂಬಿದ್ದರು, ಅದು ಸುಮಾರು ಶೇ. 40ರಷ್ಟು ಹೆಚ್ಚಿತು. ಇಷ್ಟನ್ನೇ ಹಿಡಿದುಕೊಂಡು ವಿಮೆ ವ್ಯರ್ಥವೆಂದವರಿದ್ದಾರೆ. ಆದರೆ ಅದೇ ಅಧ್ಯಯನದಲ್ಲಿ ಖಿನ್ನತೆಯ ಲಕ್ಷಣವಿದ್ದವರ ಪ್ರಮಾಣ ಸುಮಾರು ಶೇ. 30ರಷ್ಟು ಇಳಿದಿತ್ತು, ಸಂಸಾರವನ್ನೇ ಮುಳುಗಿಸುವಂಥ ವೈದ್ಯಕೀಯ ವೆಚ್ಚ ಬಹುಪಾಲು ಇಲ್ಲವಾಗಿತ್ತು. ನನ್ನ ಮಟ್ಟಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ವಿಮೆ ಮೊದಲು ಗುಣಪಡಿಸುವುದು ದಿವಾಳಿತನವನ್ನು. ರಕ್ತದೊತ್ತಡದ ಸರದಿ ಆಮೇಲಿನದು.

ಕಾಯಿಲೆ ಬೀಳದವರಿಗೂ ಇದರ ಪರಿಣಾಮ ತಟ್ಟುತ್ತದೆ ಎಂಬುದು ಸಾಮಾನ್ಯವಾಗಿ ಚರ್ಚೆಗೆ ಬರುವುದಿಲ್ಲ. ತೈವಾನಿನಲ್ಲಿ 1995ರಲ್ಲಿ ರಾಷ್ಟ್ರೀಯ ಆರೋಗ್ಯ ವಿಮೆ ಜಾರಿಯಾದ ಮೇಲೆ ಕುಟುಂಬಗಳ ಉಳಿತಾಯ ತಗ್ಗಿ ಬಳಕೆಯ ಖರ್ಚು ಹೆಚ್ಚಿತೆಂದು ಅಧ್ಯಯನಗಳು ತೋರಿಸಿವೆ. ಉಳಿತಾಯ ತಗ್ಗುವುದು ಕೇಳಲು ಕೆಟ್ಟ ಸುದ್ದಿ. ಆದರೆ ಆ ಉಳಿತಾಯದ ಒಂದು ಭಾಗ ಏನಾಗಿತ್ತು? ಎಂದೋ ಬರಬಹುದಾದ ಶಸ್ತ್ರಚಿಕಿತ್ಸೆಗೆಂದು ಮನೆ ಮನೆಯೂ ಬೇರೆ ಬೇರೆಯಾಗಿ ಎತ್ತಿಟ್ಟ ಹಣ. ನೂರು ಮನೆಯವರು ಪ್ರತ್ಯೇಕವಾಗಿ ನೂರು ಶಸ್ತ್ರಚಿಕಿತ್ಸೆಗೆ ಕೂಡಿಡುವ ಬದಲು ಒಟ್ಟಾಗಿ ನಾಲ್ಕೈದಕ್ಕೆ ಕೂಡಿಟ್ಟರೆ ಸಾಕು ಎಂಬುದೇ ವಿಮೆಯ ಒಟ್ಟು ತಿರುಳು. ಬಿಡುಗಡೆಯಾದ ಹಣ ಮಕ್ಕಳ ಓದಿಗೋ, ಸಣ್ಣ ವ್ಯಾಪಾರಕ್ಕೋ ಹೋಗುತ್ತದೆ. ಇದರ ಹಾಗೆಯೇ ವಿಮೆ ಉದ್ಯೋಗಕ್ಕೆ ಅಂಟಿಕೊಂಡಿರುವ ಕಡೆ ವಿಮೆ ತಪ್ಪಿಹೋದೀತೆಂಬ ಅಂಜಿಕೆಯಿಂದ ಬೇಡದ ಕೆಲಸಕ್ಕೇ ಜೋತುಬಿದ್ದವರು ಇರುತ್ತಾರೆ. ವಿಮೆ ಎಲ್ಲರಿಗೂ ಸಿಗುವುದಾದರೆ ಆ ಕಟ್ಟು ಸಡಿಲಾಗುತ್ತದೆ.

ಇನ್ನು, ಪುಕ್ಕಟೆ ಎಂದರೆ ಜನ ಮುಗಿಬೀಳುತ್ತಾರೆ ಎಂಬ ಆಕ್ಷೇಪ. ಅದು ಸುಳ್ಳಲ್ಲ. ಅಮೆರಿಕದಲ್ಲಿ 1970ರ ದಶಕದಲ್ಲಿ ಆರಂಭವಾಗಿ ಹಲವು ವರ್ಷ ನಡೆದ ರ‍್ಯಾಂಡ್ ಸಂಶೋಧನಾ ಸಂಸ್ಥೆಯ ಪ್ರಯೋಗದಲ್ಲಿ ಸಾವಿರಾರು ಜನರನ್ನು ಬೇರೆ ಬೇರೆ ವಿಮಾ ಯೋಜನೆಗಳಿಗೆ ಹಂಚಿ ನೋಡಿದರು. ವೆಚ್ಚದ ದೊಡ್ಡ ಪಾಲನ್ನು ತಾವೇ ಹೊರಬೇಕಾದ ಗುಂಪು, ಪೂರ್ತಿ ಉಚಿತವಿದ್ದ ಗುಂಪಿಗಿಂತ ಸುಮಾರು ಶೇ. 30ರಷ್ಟು ಕಡಿಮೆ ಖರ್ಚು ಮಾಡಿತು. ಸರಾಸರಿ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಹಾಗಿದ್ದರೆ ಎಲ್ಲರಿಂದಲೂ ಒಂದು ಪಾಲು ವಸೂಲಿ ಮಾಡುವುದೇ ಜಾಣತನವಲ್ಲವೇ ಎಂದು ಕೇಳಬಹುದು. ಆ ಪ್ರಯೋಗದ ಮುಂದಿನ ಪುಟ ಬೇರೆಯದನ್ನೇ ಹೇಳುತ್ತದೆ. ತಾವೇ ಹಣ ಕಟ್ಟಬೇಕಾದಾಗ ಜನ ಬಿಟ್ಟದ್ದು ಬೇಡದ ಚಿಕಿತ್ಸೆಯನ್ನಷ್ಟೇ ಅಲ್ಲ, ಬೇಕಾದದ್ದನ್ನೂ ಅಷ್ಟೇ ಪ್ರಮಾಣದಲ್ಲಿ ಬಿಟ್ಟರು. ಬಡವರಾಗಿದ್ದು ರಕ್ತದೊತ್ತಡವಿದ್ದವರಿಗೆ ಅದರಿಂದ ಹಾನಿಯಾಯಿತು. ಆರು ಪರೀಕ್ಷೆಗಳಲ್ಲಿ ಯಾವ ಎರಡು ಬಿಡಬೇಕೆಂದು ರೋಗಿಗೆ ತಿಳಿಯುವುದಿಲ್ಲ, ಬಿಲ್ಲಿಂಗ್ ಗುಮಾಸ್ತನಿಗೂ ತಿಳಿಯುವುದಿಲ್ಲ ಎಂಬುದನ್ನು ಇಷ್ಟು ದೊಡ್ಡ ಪ್ರಯೋಗ ಮಾಡಿ ಕಂಡುಕೊಂಡರಲ್ಲ ಎಂದು ಓದಿದಾಗ ನಗು ಬಂದಿತ್ತು.

ಮುಗಿಬೀಳುವುದೂ ಎಷ್ಟೋ ಸಲ ಹಳೆಯ ಬಾಕಿ ತೀರಿಸುವುದೇ ಆಗಿರುತ್ತದೆ. ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಹಲ್ಲಿನ ಸೆಟ್ಟು ಮತ್ತು ಕನ್ನಡಕಕ್ಕೆ ಬಂದ ಬೇಡಿಕೆ ಸರ್ಕಾರದ ಅಂದಾಜನ್ನೆಲ್ಲ ಮೀರಿತು. ವರ್ಷಗಟ್ಟಲೆ ಹಲ್ಲಿಲ್ಲದೆ ಅಗಿದವರು, ಮಸುಕು ಕಣ್ಣಿನಲ್ಲೇ ಹೊಲಿದವರು ಒಮ್ಮೆಲೇ ಸಾಲುಗಟ್ಟಿದ್ದರು. ಅವರಲ್ಲಿ ಯಾರೂ ಶೋಕಿಗೆ ಹಲ್ಲು ಕಟ್ಟಿಸಿಕೊಳ್ಳಲು ಬಂದವರಲ್ಲ. ಆದರೂ ಖಜಾನೆಗೆ ಹೊರೆ ಹೊರೆಯೇ. 1951ರಲ್ಲಿ ಇವೆರಡಕ್ಕೆ ಶುಲ್ಕ ವಿಧಿಸಲು ಹೊರಟಾಗ ಆ ಸೇವೆಯನ್ನು ಕಟ್ಟಿದ ಅನ್ಯುರಿನ್ ಬೆವನ್ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು.

ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ಹೇಳಿಬಿಡಬೇಕು. ತೆರಿಗೆಯಿಂದ ಬಂದರೆ ಜನರದೇ ಎಂಬುದು ಎಲ್ಲರಿಗೂ ಗೊತ್ತು. ಮಾಲೀಕರು ಕಟ್ಟುವ ಕಂತಿನಿಂದ ಬಂದರೆ ಮಾತ್ರ ಅದು ಮಾಲೀಕರ ಹಣ ಎಂಬ ಭ್ರಮೆಯಿದೆ. ಅಮೆರಿಕದಲ್ಲಿ ಉದ್ಯೋಗ ವಿಮೆಯಲ್ಲಿ ಹೆರಿಗೆ ವೆಚ್ಚವನ್ನು ಕಡ್ಡಾಯವಾಗಿ ಸೇರಿಸಿದಾಗ ಏನಾಯಿತೆಂದು ಅರ್ಥಶಾಸ್ತ್ರಜ್ಞ ಜೊನಾಥನ್ ಗ್ರೂಬರ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೋಡಿದರು: ಆ ವೆಚ್ಚ ಬಹುಪಾಲು ಅಂಥ ಸೌಲಭ್ಯ ಪಡೆಯಬಹುದಾದವರ ಸಂಬಳದಿಂದಲೇ ನಿಧಾನವಾಗಿ ಮುರಿದುಕೊಂಡಿತ್ತು. ವಿಮೆ ಯಾರಿಗೂ ಪುಕ್ಕಟೆಯಲ್ಲ. ಕಾಯಿಲೆ ಬಿದ್ದ ದಿನ ಒಮ್ಮೆಗೇ ಕೊಡಬೇಕಾದದ್ದನ್ನು ಆರೋಗ್ಯವಾಗಿದ್ದ ದಿನಗಳಲ್ಲಿ ಚೂರುಚೂರಾಗಿ ಕೊಡುವ ಏರ್ಪಾಡು, ಮತ್ತು ಉಳ್ಳವರು ಸ್ವಲ್ಪ ಹೆಚ್ಚು ಹೊರುವ ಏರ್ಪಾಡು, ಅಷ್ಟೇ.

ಈಗ ವೈದ್ಯರ ಕಡೆಗೆ ಬರುತ್ತೇನೆ. ನನಗೆ ಹೆಚ್ಚು ಪರಿಚಿತವಾದ ನೆಲ ಇದೇ.

ವೈದ್ಯರ ವಿರೋಧಕ್ಕೆ ದೀರ್ಘ ಇತಿಹಾಸವಿದೆ, ಮತ್ತು ಆ ಇತಿಹಾಸ ಒಂದು ವಿಚಿತ್ರ ತಿರುವಿನಲ್ಲಿ ಕೊನೆಗೊಳ್ಳುತ್ತದೆ. ಕೆನಡಾದ ಸಸ್ಕಾಚುವನ್ ಪ್ರಾಂತ್ಯದಲ್ಲಿ 1962ರ ಜುಲೈ 1ರಂದು ಸಾರ್ವತ್ರಿಕ ವೈದ್ಯಕೀಯ ವಿಮೆ ಜಾರಿಗೆ ಬಂದ ದಿನವೇ ಅಲ್ಲಿನ ಬಹುತೇಕ ವೈದ್ಯರು ಕೆಲಸ ನಿಲ್ಲಿಸಿದರು. ಮುಷ್ಕರ 23 ದಿನ ನಡೆಯಿತು. ಸರ್ಕಾರ ಬ್ರಿಟನ್ನಿನಿಂದ ವೈದ್ಯರನ್ನು ಕರೆಸಿಕೊಂಡಿತು. ಕೊನೆಗೆ ಒಪ್ಪಂದವಾಯಿತು: ವಿಮೆ ಉಳಿಯಿತು, ವೈದ್ಯರು ಸರ್ಕಾರಿ ನೌಕರರಾಗದೆ ಸ್ವತಂತ್ರರಾಗಿಯೇ ಉಳಿದರು, ಸೇವೆಗೊಂದು ಶುಲ್ಕ ಎಂಬ ಪದ್ಧತಿಯೂ ಉಳಿಯಿತು. ಮುಂದಿನ ವರ್ಷಗಳಲ್ಲಿ ಆ ಪ್ರಾಂತ್ಯದ ವೈದ್ಯರ ಆದಾಯ ಕುಸಿಯಲಿಲ್ಲ, ಏರಿತು. ಕಾರಣ ಯಾವ ಗುಮಾಸ್ತನಿಗಾದರೂ ಅರ್ಥವಾಗುವಂಥದು. ಮೊದಲು ವೈದ್ಯರ ಬಿಲ್ಲಿನಲ್ಲಿ ಒಂದು ಪಾಲು ಎಂದಿಗೂ ವಸೂಲಾಗುತ್ತಿರಲಿಲ್ಲ. ಈಗ ಪ್ರತಿ ಬಿಲ್ಲಿಗೂ ಹಣ ಬರುತ್ತಿತ್ತು. ವಸೂಲಾಗದ ಬಾಕಿ ಎಂಬ ಕಾಲಮ್ಮೇ ಖಾಲಿಯಾಯಿತು. 1972ರ ಹೊತ್ತಿಗೆ ಇಡೀ ಕೆನಡಾ ಇದೇ ದಾರಿ ಹಿಡಿದಿತ್ತು.

ಅಮೆರಿಕದಲ್ಲಿಯೂ ಹೀಗೆಯೇ. ವೃದ್ಧರಿಗೆ ವಿಮೆ ಕೊಡುವ ಮೆಡಿಕೇರ್ ಕಾನೂನನ್ನು ವೈದ್ಯರ ಸಂಘ ವರ್ಷಗಟ್ಟಲೆ ವಿರೋಧಿಸಿತು. 1965ರಲ್ಲಿ ಅದು ಅಂಗೀಕಾರವಾದಾಗ ವೈದ್ಯರನ್ನು ಒಲಿಸಿಕೊಳ್ಳಲೆಂದು, ಅವರು ವಾಡಿಕೆಯಲ್ಲಿ ಎಷ್ಟು ತೆಗೆದುಕೊಳ್ಳುತ್ತಾರೋ ಅದನ್ನೇ ಆಧಾರವಾಗಿಟ್ಟುಕೊಂಡು ಹಣ ಕೊಡುವ ನಿಯಮ ಮಾಡಲಾಯಿತು. ವಾಡಿಕೆ ಎಂಬುದು ವರ್ಷ ವರ್ಷವೂ ಮೇಲಕ್ಕೇರಬಲ್ಲ ವಸ್ತು ಎಂಬುದು ತಿಳಿಯಲು ಬಹಳ ಕಾಲ ಬೇಕಾಗಲಿಲ್ಲ. 1965ರಿಂದ 1970ರ ನಡುವೆ ಆಸ್ಪತ್ರೆ ವೆಚ್ಚ ಮೆಡಿಕೇರ್ ಕಾರಣದಿಂದಲೇ ಶೇ. 37ರಷ್ಟು ಹೆಚ್ಚಿತೆಂದು ಅರ್ಥಶಾಸ್ತ್ರಜ್ಞೆ ಏಮಿ ಫಿಂಕೆಲ್‌ಸ್ಟೀನ್ ನಂತರದಲ್ಲಿ ಅಂದಾಜು ಮಾಡಿದರು. ವಿಮೆ ಎಂಬ ನೀರು ಹರಿದಾಗ ಆಸ್ಪತ್ರೆಗಳು ಹೊಸ ಯಂತ್ರ, ಹೊಸ ಹಾಸಿಗೆ ಎಂದು ಬೇರು ಬಿಟ್ಟವು. ಹಾಸಿಗೆ ಹಾಕಿದರೆ ಅದು ತುಂಬಿಯೇ ತುಂಬುತ್ತದೆ ಎಂದು ಆರೋಗ್ಯ ಸೇವೆಗಳ ಸಂಶೋಧಕ ಮಿಲ್ಟನ್ ರೋಮರ್ ಅದಕ್ಕೂ ಮೊದಲೇ ಗಮನಿಸಿದ್ದರು.

ಆದರೆ ಆದಾಯದ ಒಟ್ಟು ಮೊತ್ತ ನೋಡಿ ವೈದ್ಯರ ದೂರು ಸುಳ್ಳು ಎನ್ನಲಾರೆ. ಅವರು ಕಳೆದುಕೊಳ್ಳುವುದು ಮತ್ತೊಂದಿದೆ, ಅದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮಲ್ಲಿ ಒಬ್ಬ ಹಿರಿಯ ಸರ್ಜನ್ ಇದ್ದರು. ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ಸಿಲ್. ಡಿಸ್ಚಾರ್ಜಿಗೆ ಮೊದಲು ಬಿಲ್ಲು ಅವರ ಮೇಜಿಗೆ ಹೋಗಬೇಕೆಂಬುದು ಅವರದೇ ನಿಯಮ. ಕೆಲವು ಬಿಲ್ಲುಗಳಲ್ಲಿ ತಮ್ಮ ಶುಲ್ಕದ ಸಾಲಿಗೆ ಅಡ್ಡಗೀಟು ಎಳೆದು ಪಕ್ಕದಲ್ಲಿ ಸಣ್ಣ ಸಹಿ ಹಾಕುತ್ತಿದ್ದರು. ಇನ್ನು ಕೆಲವರ ಬಿಲ್ಲಿನಲ್ಲಿ ಅದೇ ಶಸ್ತ್ರಚಿಕಿತ್ಸೆಗೆ ಒಂದೂವರೆ ಪಟ್ಟು ಬರೆಸುತ್ತಿದ್ದರು. "ಕಾರಿನಲ್ಲಿ ಬಂದವರು ಬರಿಗಾಲಿನಲ್ಲಿ ಬಂದವರದ್ದೂ ಕೊಟ್ಟು ಹೋಗಲಿ ಬಿಡಿ" ಎನ್ನುತ್ತಿದ್ದರು. ಇದು ಅವರೊಬ್ಬರ ಗುಣವಲ್ಲ, ವೃತ್ತಿಯ ಹಳೆಯ ವಾಡಿಕೆ. ಇದು ದಾನವಲ್ಲ, ಗಿರಾಕಿಯನ್ನು ನೋಡಿ ದರ ಹೇಳುವ ಏಕಸ್ವಾಮ್ಯದ ವ್ಯಾಪಾರವೇ ಎಂದು ಅರ್ಥಶಾಸ್ತ್ರಜ್ಞ ರೂಬೆನ್ ಕೆಸಲ್ 1958ರಲ್ಲಿ ವಾದಿಸಿದ್ದರು. ಎರಡೂ ನಿಜವಿರಬಹುದು. ನಮ್ಮ ಸರ್ಜನ್ ಒಂದೇ ಪೆನ್ಸಿಲಿನಲ್ಲಿ ಎರಡನ್ನೂ ಮಾಡುತ್ತಿದ್ದರು.

ವಿಮೆ ಬಂದ ಮೇಲೆ ಆ ಪೆನ್ಸಿಲಿಗೆ ಕೆಲಸವಿಲ್ಲದಾಯಿತು. ಕಾಯಿಲೆಗಿಷ್ಟು ಎಂಬ ಪ್ಯಾಕೇಜ್ ದರ ಎಲ್ಲರಿಗೂ ಒಂದೇ. ಗೀಟು ಎಳೆಯಲು ಕಂಪ್ಯೂಟರಿನಲ್ಲಿ ಜಾಗವಿಲ್ಲ, ಹೆಚ್ಚು ಬರೆಯಲೂ ಇಲ್ಲ. ಬಡ ರೋಗಿ ಈಗ ಯಾರ ಕೃಪೆಗೂ ಕಾಯಬೇಕಾಗಿಲ್ಲ. ಅದು ದೊಡ್ಡ ಲಾಭ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಯಾರಿಗೆ ಎಷ್ಟು ಎಂದು ನಿರ್ಧರಿಸುವ ದೊರೆತನ ಆ ಸರ್ಜನ್ನರ ಕೈಯಿಂದ ಹೋಗಿ, ಎಲ್ಲೋ ಕೂತ ವಿಮೆಯ ಪರಿಶೀಲಕನ ಕೈಗೆ ಬಂತು. ಆತ ಕಳಿಸುವ ಕ್ವೆರಿಗಳಿಗೆ ಇವರು ಉತ್ತರ ಬರೆಯಬೇಕು: ಈ ರೋಗಿಯನ್ನು ಮೂರನೆಯ ದಿನವೂ ಏಕೆ ಇಟ್ಟುಕೊಂಡಿರಿ, ಈ ಔಷಧ ಏಕೆ, ಆ ಸ್ಕ್ಯಾನಿನ ಪ್ರತಿ ಎಲ್ಲಿ. ಮೂವತ್ತು ವರ್ಷ ಚಾಕು ಹಿಡಿದವರಿಗೆ ಅದು ಹಣದ ಪ್ರಶ್ನೆಯಾಗಿರಲಿಲ್ಲ.

ಕಾಗದ ಪತ್ರದ ಈ ಹೊರೆ ವ್ಯವಸ್ಥೆಯ ಸ್ವರೂಪದ ಮೇಲೆ ನಿಂತಿದೆ ಎಂಬುದನ್ನು ಗಮನಿಸಬೇಕು. ಅಮೆರಿಕದ ಕ್ಲಿನಿಕ್ಕುಗಳು ವಿಮಾದಾರರ ಜೊತೆ ವ್ಯವಹರಿಸಲು ಪ್ರತಿ ವೈದ್ಯನ ತಲೆಗೆ ಖರ್ಚು ಮಾಡುವ ಹಣ ಕೆನಡಾದ ಒಂಟಾರಿಯೋ ಪ್ರಾಂತ್ಯಕ್ಕೆ ಹೋಲಿಸಿದರೆ ಸುಮಾರು ನಾಲ್ಕು ಪಟ್ಟು ಎಂದು 2011ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಒಂಟಾರಿಯೋದಲ್ಲಿ ಪಾವತಿದಾರ ಒಬ್ಬನೇ, ಫಾರಂ ಒಂದೇ. ಅಮೆರಿಕದಲ್ಲಿ ಹತ್ತಾರು ಕಂಪನಿ, ಹತ್ತಾರು ನಿಯಮ. ನನ್ನಂಥವರಿಗೆ ಉದ್ಯೋಗ ಕೊಡುವುದು ಈ ಗೋಜಲೇ ಆದ್ದರಿಂದ ಹೆಚ್ಚು ದೂರುವುದು ಕೃತಘ್ನತೆಯಾದೀತು.

ಅಳತೆಗೋಲಿನ ಮಾತಿಗೆ ಬರೋಣ. ವೈದ್ಯನಿಗೆ ಹಣ ಕೊಡಲು ಲೋಕದಲ್ಲಿ ನಾಲ್ಕೈದು ದಾರಿಗಳಷ್ಟೇ ಇವೆ, ಪ್ರತಿಯೊಂದಕ್ಕೂ ಅದರದೇ ವಕ್ರತೆಯಿದೆ. ಸೇವೆಗೊಂದು ಶುಲ್ಕ ಕೊಟ್ಟರೆ ಸೇವೆಗಳು ಹೆಚ್ಚುತ್ತವೆ. ಸಂಬಳ ಕೊಟ್ಟರೆ ಗಡಿಯಾರ ನೋಡುವುದು ಹೆಚ್ಚುತ್ತದೆ. ವೈದ್ಯನ ಪಟ್ಟಿಯಲ್ಲಿ ಹೆಸರು ಬರೆಸಿದ ಪ್ರತಿ ತಲೆಗೆ ವರ್ಷಕ್ಕಿಷ್ಟು ಎಂದು ಕೊಟ್ಟರೆ, ಬ್ರಿಟನ್ನಿನ ಸಾಮಾನ್ಯ ವೈದ್ಯರಿಗೆ 1948ರಿಂದ ಮುಖ್ಯವಾಗಿ ಕೊಟ್ಟ ಹಾಗೆ, ಪಟ್ಟಿ ಉದ್ದವಾಗುತ್ತದೆ, ಪ್ರತಿ ಭೇಟಿ ಗಿಡ್ಡವಾಗುತ್ತದೆ. ಕಾಯಿಲೆಗಿಷ್ಟು ಎಂದು ಪ್ಯಾಕೇಜ್ ಕೊಟ್ಟರೆ ರೋಗಿ ಬೇಗ ಮನೆಗೆ ಹೋಗುತ್ತಾನೆ. ಮೆಡಿಕೇರ್ 1983ರಲ್ಲಿ ಆಸ್ಪತ್ರೆಗಳಿಗೆ ಈ ಪದ್ಧತಿ ತಂದ ಕೂಡಲೇ ವೃದ್ಧರು ಆಸ್ಪತ್ರೆಯಲ್ಲಿ ಇರುವ ದಿನಗಳು ಇಳಿದವು. ಅವರೆಲ್ಲ ಅಷ್ಟು ಬೇಗ ಗುಣವಾದರೇ ಎಂದು ಯಾರಾದರೂ ಕೇಳಬಹುದು. ನಮ್ಮಲ್ಲಿಯೂ ಪ್ಯಾಕೇಜ್ ಬಂದ ಮೇಲೆ ಐದನೆಯ ದಿನದ ರೌಂಡ್ಸ್ ಮೂರನೆಯ ದಿನವೇ ಮುಗಿಯತೊಡಗಿತ್ತು. ಅದರಲ್ಲಿ ಅರ್ಧದಷ್ಟು ರೋಗಿಗಳಿಗೆ ಹಳೆಯ ಐದು ದಿನವೇ ಹೆಚ್ಚಾಗಿತ್ತು ಎಂಬುದೂ ನಿಜ.

ಜರ್ಮನಿಯವರ ಉಪಾಯ ನನಗೆ ಬಹಳ ಕುತೂಹಲದ್ದೆನಿಸಿತು. ಅಲ್ಲಿ ವಿಮಾ ನಿಧಿಗಳು ಒಟ್ಟು ಹಣವನ್ನು ಪ್ರಾದೇಶಿಕ ವೈದ್ಯ ಸಂಘಕ್ಕೆ ಕೊಡುತ್ತಿದ್ದವು. ಪ್ರತಿ ಸೇವೆಗೂ ಇಂತಿಷ್ಟು ಅಂಕ. ಸಂಘ ಅಂಕದ ಲೆಕ್ಕದಲ್ಲಿ ವೈದ್ಯರಿಗೆ ಹಂಚುತ್ತಿತ್ತು. 1993ರಲ್ಲಿ ಒಟ್ಟು ಮೊತ್ತಕ್ಕೆ ಬಿಗಿಯಾದ ಮಿತಿ ಹಾಕಲಾಯಿತು. ಮಿತಿ ಬಿದ್ದ ಮೇಲೆ ಎಲ್ಲರೂ ಹೆಚ್ಚು ಅಂಕ ಗಳಿಸಲು ಹೊರಟರೆ ಅಂಕದ ಬೆಲೆ ಇಳಿಯುತ್ತದೆ; ಇಳಿಯಿತೆಂದು ಇನ್ನಷ್ಟು ಸೇವೆ ಮಾಡಿದರೆ ಮತ್ತೂ ಇಳಿಯುತ್ತದೆ. ಒಬ್ಬ ವೈದ್ಯ ಸುಮ್ಮನಿದ್ದರೆ ನಷ್ಟ ಅವನಿಗೆ ಮಾತ್ರ, ಎಲ್ಲರೂ ಓಡಿದರೆ ನಷ್ಟ ಎಲ್ಲರಿಗೂ. ಪಂಜರದ ಚಕ್ರದಲ್ಲಿ ಓಡುವ ಇಲಿಯ ಹಾಗಾಯಿತು ನಮ್ಮ ಪಾಡು ಎಂದು ಅಲ್ಲಿನ ವೈದ್ಯರೇ ಹೇಳಿಕೊಂಡರು. ಖಜಾನೆಗೆ ನೆಮ್ಮದಿ, ವೈದ್ಯನಿಗೆ ಏದುಸಿರು. ತೈವಾನ್ 2002ರಲ್ಲಿ ಆಸ್ಪತ್ರೆಗಳಿಗೂ ಇಂಥದೇ ಒಟ್ಟು ಮಿತಿಯನ್ನು ವಿಸ್ತರಿಸಿತು.

ದರವನ್ನೇ ತೀರ ಕೆಳಗೆ ಹಿಡಿದರೆ ಇನ್ನೊಂದು ಬಗೆಯ ಫಲ. ದಕ್ಷಿಣ ಕೊರಿಯಾ 1977ರಲ್ಲಿ ದೊಡ್ಡ ಕಾರ್ಖಾನೆಗಳ ನೌಕರರಿಂದ ಆರಂಭಿಸಿ 1989ರ ಹೊತ್ತಿಗೆ, ಅಂದರೆ 12 ವರ್ಷದಲ್ಲಿ, ಇಡೀ ದೇಶವನ್ನು ವಿಮೆಯೊಳಗೆ ತಂದಿತು. ಬೇರೆ ಯಾವ ದೇಶಕ್ಕೂ ಸುಲಭವಲ್ಲದ ವೇಗ ಅದು. ಆದರೆ ವಿಮೆ ಕೊಡುವ ಶುಲ್ಕ ಕಡಿಮೆ. ಹಾಗಾಗಿ ವೈದ್ಯರು ಎರಡು ಕೆಲಸ ಮಾಡಿದರು: ದಿನಕ್ಕೆ ನೋಡುವ ರೋಗಿಗಳ ಸಂಖ್ಯೆ ಹೆಚ್ಚಿಸಿದರು, ಮೂರು ನಿಮಿಷದ ತಪಾಸಣೆ ಎಂಬುದು ಅಲ್ಲಿ ಗಾದೆಯಂತಾಯಿತು, ಮತ್ತು ವಿಮೆಯ ಪಟ್ಟಿಯಲ್ಲಿಲ್ಲದ, ದರದ ಲಗಾಮಿಲ್ಲದ ಸೇವೆಗಳತ್ತ ಹೊರಳಿದರು. ಕಾಲಕ್ರಮದಲ್ಲಿ ಎಳೆಯ ವೈದ್ಯರು ಚರ್ಮ ಮತ್ತು ಸೌಂದರ್ಯ ಚಿಕಿತ್ಸೆಯತ್ತ ಹೋಗಿ ಮಕ್ಕಳ ವಿಭಾಗಕ್ಕೂ ಹೆರಿಗೆ ವಿಭಾಗಕ್ಕೂ ಬರುವವರೇ ಕಡಿಮೆಯಾದರು. 2024ರಲ್ಲಿ ಸರ್ಕಾರ ವೈದ್ಯಕೀಯ ಕಾಲೇಜುಗಳ ಸೀಟುಗಳನ್ನು 2,000ದಷ್ಟು ಹೆಚ್ಚಿಸಲು ಹೊರಟಾಗ ತರಬೇತಿಯ ವೈದ್ಯರು ಸಾವಿರಾರು ಸಂಖ್ಯೆಯಲ್ಲಿ ಕೆಲಸ ಬಿಟ್ಟು ಹೊರನಡೆದರು. ಸಂಖ್ಯೆ ಹೆಚ್ಚಿಸಿದರೆ ಸಾಲದು, ದರಪಟ್ಟಿ ತಿದ್ದಿ ಎಂಬುದು ಅವರ ವಾದದ ಒಂದು ಎಳೆ. ಸ್ವಂತ ಹಿತವೂ ಅದರಲ್ಲಿ ಬೆರೆತಿತ್ತು ಎಂಬುದನ್ನು ಮರೆಯಬೇಕಿಲ್ಲ. ಆದರೂ ಆ ಎಳೆ ಪೂರ್ತಿ ಟೊಳ್ಳೆಂದು ನನಗನ್ನಿಸುವುದಿಲ್ಲ. ಒಂದು ದೇಶದಲ್ಲಿ ಹತ್ತು ವರ್ಷದ ನಂತರ ಯಾವ ತಜ್ಞರು ಸಿಗುತ್ತಾರೆ ಎಂಬುದನ್ನು ಇಂದಿನ ದರಪಟ್ಟಿ ಸದ್ದಿಲ್ಲದೆ ಬರೆದಿಡುತ್ತದೆ.

ಕಾಯುವ ಸಾಲಿನ ಬಗ್ಗೆಯೂ ಒಂದು ಮಾತು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1970ರಲ್ಲಿ ಸಾರ್ವತ್ರಿಕ ವಿಮೆ ಬಂದಾಗ ಮಾಂಟ್ರಿಯಲ್ ನಗರದಲ್ಲಿ ಆಗುವ ಮೊದಲು ಮತ್ತು ಆದ ಮೇಲೆ ಸಮೀಕ್ಷೆ ನಡೆಸಿದರು. ಒಬ್ಬ ವ್ಯಕ್ತಿ ವರ್ಷಕ್ಕೆ ವೈದ್ಯರನ್ನು ಕಾಣುವ ಸರಾಸರಿ ಸಂಖ್ಯೆ ಬದಲಾಗಲೇ ಇಲ್ಲ, ಸುಮಾರು 5ರಲ್ಲೇ ನಿಂತಿತು. ಬದಲಾದದ್ದು ಯಾರು ಕಾಣುತ್ತಾರೆ ಎಂಬುದು: ಬಡವರ ಭೇಟಿ ಹೆಚ್ಚಿತು, ಉಳ್ಳವರದು ತಗ್ಗಿತು. ವೈದ್ಯರು ಮನೆಗೆ ಹೋಗಿ ನೋಡುವುದು, ಫೋನಿನಲ್ಲಿ ಸಲಹೆ ಕೊಡುವುದು ಕಡಿಮೆಯಾಯಿತು. ಭೇಟಿಗೆ ಕಾಯಬೇಕಾದ ದಿನಗಳು ಬಹುತೇಕ ಎರಡರಷ್ಟಾದವು. ವೈದ್ಯರ ಸಂಖ್ಯೆ ಒಂದೇ ದಿನದಲ್ಲಿ ಹೆಚ್ಚುವುದಿಲ್ಲವಲ್ಲ. ಇದ್ದಷ್ಟು ಗಂಟೆಗಳನ್ನೇ ಬೇರೆ ರೀತಿ ಹಂಚಿದ ಹಾಗಾಯಿತು. ಮೊದಲೂ ಸಾಲಿತ್ತು, ಆದರೆ ಅದರಲ್ಲಿ ನಿಲ್ಲಲಾಗದವರು ಮನೆಯಲ್ಲೇ ಉಳಿಯುತ್ತಿದ್ದುದರಿಂದ ಅದು ಕಣ್ಣಿಗೆ ಕಾಣುತ್ತಿರಲಿಲ್ಲ. ಹೊಸ ವ್ಯವಸ್ಥೆಯಲ್ಲಿ ಸಾಲು ಉದ್ದವಾಯಿತೆಂದು ಗೊಣಗುವವರಲ್ಲಿ ಹಳೆಯ ವ್ಯವಸ್ಥೆಯಲ್ಲಿ ಸಾಲಿನ ಮುಂದಿದ್ದವರೇ ಹೆಚ್ಚು.

ಥಾಯ್ಲೆಂಡಿನ ಅನುಭವದಲ್ಲಿ ಎರಡೂ ಮುಖಗಳು ಒಟ್ಟಿಗೆ ಕಾಣುತ್ತವೆ. ಅದು ಶ್ರೀಮಂತ ದೇಶವಾಗುವವರೆಗೆ ಕಾಯದೆ, 2002ರ ಹೊತ್ತಿಗೆ, ಬೇರೆ ವಿಮೆ ಇಲ್ಲದವರೆಲ್ಲರಿಗೂ ಪ್ರತಿ ಭೇಟಿಗೆ 30 ಬಾತ್ ಮಾತ್ರ ಪಡೆಯುವ ಯೋಜನೆ ತಂದಿತು. ಚಿಕಿತ್ಸೆಯ ಖರ್ಚಿನಿಂದ ಬಡತನಕ್ಕೆ ಜಾರುವ ಕುಟುಂಬಗಳು ಗಣನೀಯವಾಗಿ ಕಡಿಮೆಯಾದವು. ಆಸ್ಪತ್ರೆಗಳಿಗೆ ಹಣ ಹೋದದ್ದು ಆಯಾ ಪ್ರದೇಶದಲ್ಲಿ ನೋಂದಾಯಿಸಿಕೊಂಡ ತಲೆಗಳ ಲೆಕ್ಕದಲ್ಲಿ. ಆದ್ದರಿಂದ ಒಟ್ಟು ವೆಚ್ಚ ಕೈ ಮೀರಲಿಲ್ಲ. ಆದರೆ ಸರ್ಕಾರಿ ಆಸ್ಪತ್ರೆಗಳ ವೈದ್ಯರ ಮುಂದೆ ಜನ ಹೆಚ್ಚಿದರು, ಕೆಲಸದ ಭಾರ ಹೆಚ್ಚಿತು, ಅವರಲ್ಲಿ ಹಲವರು ಖಾಸಗಿಯತ್ತ ಹೋದರು. ಉಳಿದುಕೊಂಡವರ ಬೆನ್ನ ಮೇಲೆ ಯೋಜನೆ ನಿಂತಿತು ಎಂದರೆ ಅತಿಶಯೋಕ್ತಿಯಾಗಲಾರದು.

ದರ, ಅಳತೆಗೋಲು ಎಲ್ಲ ಸರಿಯಿದ್ದರೂ ಒಂದು ವಿಷಯ ಉಳಿಯುತ್ತದೆ. ಅದು ಅರ್ಥಶಾಸ್ತ್ರದ ಚರ್ಚೆಗಳಲ್ಲಿ ಅಷ್ಟಾಗಿ ಬರುವುದಿಲ್ಲ, ಕಿಟಕಿಯ ಈಚೆ ಕೂತವನಿಗೆ ಮಾತ್ರ ದಿನವೂ ಕಾಣುತ್ತದೆ. ಹಣ ಯಾವಾಗ ಬರುತ್ತದೆ? ನಾನು ಪ್ರತಿ ತಿಂಗಳ ಕೊನೆಗೆ ವಿಮೆಯಿಂದ ಬರಬೇಕಾದ ಬಾಕಿ ಕ್ಲೇಮುಗಳ ಪಟ್ಟಿ ತಯಾರಿಸುತ್ತಿದ್ದೆ. ಮೂವತ್ತು ದಿನದೊಳಗಿನದು, ಅರವತ್ತು, ತೊಂಬತ್ತು, ಅದಕ್ಕೂ ಮೇಲಿನದು ಎಂದು ನಾಲ್ಕು ಕಾಲಮ್ಮು. ಕಾಗದದ ಮೇಲೆ ಆಸ್ಪತ್ರೆಗೆ ಲಾಭ, ಬ್ಯಾಂಕಿನಲ್ಲಿ ಸಂಬಳಕ್ಕೆ ಹಣವಿಲ್ಲ. ಔಷಧ ಸರಬರಾಜುದಾರ ಮಾತ್ರ ನಲವತ್ತೈದನೆಯ ದಿನ ಫೋನು ಮಾಡಿಯೇ ಮಾಡುತ್ತಿದ್ದ. ದೊಡ್ಡ ಆಸ್ಪತ್ರೆ ಬ್ಯಾಂಕಿನ ಸಾಲ ತೆಗೆದು ಇದನ್ನು ತಡೆದುಕೊಳ್ಳುತ್ತದೆ. ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮಿಗೆ ಅದು ಕಷ್ಟ. ಒಂದೋ ಅದು ವಿಮೆಯ ಪಟ್ಟಿಯಿಂದ ಹೊರಬರುತ್ತದೆ, ಇಲ್ಲವೇ ದೊಡ್ಡವರಿಗೆ ಮಾರಿಹೋಗುತ್ತದೆ. ದರ ಇಳಿಸದೆಯೇ, ಒಂದು ಆದೇಶವನ್ನೂ ಹೊರಡಿಸದೆಯೇ, ಪಾವತಿಯನ್ನು ಎರಡು ತಿಂಗಳು ತಡ ಮಾಡಿದರೆ ಸಾಕು, ವಿಮೆ ಸಣ್ಣ ವೈದ್ಯನನ್ನು ಕಣದಿಂದ ಹೊರಹಾಕಬಲ್ಲದು. ಹತ್ತಿರದ ಸಣ್ಣ ವೈದ್ಯ ಹೋದರೆ ಹೆಚ್ಚು ದೂರ ನಡೆಯಬೇಕಾದವರು ಯಾರಿಗೆಂದು ಈ ವ್ಯವಸ್ಥೆ ಬಂತೋ ಅವರೇ.

ಕೆಂಪು ಪೆನ್ಸಿಲಿನ ಸರ್ಜನ್ ಕೊನೆಯ ಎರಡು ವರ್ಷ ತಿಂಗಳ ಕೊನೆಗೆ ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಪಟ್ಟಿಯನ್ನು ಕೈಗೆತ್ತಿಕೊಂಡು, ಮೊದಲ ಮೂರು ಕಾಲಮ್ಮನ್ನು ಬಿಟ್ಟು, ನೇರ ನಾಲ್ಕನೆಯದಕ್ಕೆ ಕಣ್ಣು ಹಾಯಿಸುತ್ತಿದ್ದರು. ತೊಂಬತ್ತು ದಿನ ದಾಟಿದ ಹೆಸರುಗಳ ಎದುರು ಅದೇ ಪೆನ್ಸಿಲಿನಿಂದ ಗುರುತು ಹಾಕಿ, "ಇವನ್ನು ನಾಳೆ ಬೆಳಿಗ್ಗೆ ಮೊದಲು ನೋಡಿ" ಎಂದು ಹೇಳಿ ಆಪರೇಷನ್ ಥಿಯೇಟರಿನತ್ತ ಹೋಗುತ್ತಿದ್ದರು.